ಅಬೇದಾಬಿಯ ಆಡು, ಬಾಲಪ್ಪನ ಮುಳ್ಳು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವರು ಬಳ್ಳಾರಿ ಜಾಲಿಯನ್ನು ಕಂಡವರಲ್ಲ. ಅದರ ಸೊಪ್ಪನ್ನು ಕುಷ್ಟಗಿ ಸೀಮೆಯ ಆಡುಗಳು ಮೂಸಿ ಮುಖ ತಿರುಗಿಸುತ್ತವೆ. ಕಾಯಿಯನ್ನು ಮಾತ್ರ ಬೆಲ್ಲದಂತೆ ಮೆಲ್ಲುತ್ತವೆ. ಅಬೇದಾಬಿಯ ಹದಿನೆಂಟು ಆಡುಗಳು ಬದುಕಿದ್ದು ಆ ಕಾಯಿಯಿಂದ, ಅಬೇದಾಬಿ ಬದುಕಿದ್ದು ಆ ಆಡುಗಳಿಂದ.

ಮೊದಲು ಆಕೆಗೆ ಎರಡು ಎಮ್ಮೆಗಳಿದ್ದವು. ಮಳೆ ಮನಸ್ಸಿಗೆ ಬಂದಾಗ ಬಂದು ಹೋಗುವ ಚಾಳಿ ಕಲಿತ ಮೇಲೆ ಗೋಮಾಳದಲ್ಲಿ ಹುಲ್ಲು ಸತ್ತು ಜಾಲಿ ಎದ್ದಿತು. ಗಂಡ ರಸೂಲಸಾಬ ಹುಲ್ಲು ಮತ್ತೆ ಬಂದೀತೆಂದು ಮುಗಿಲು ನೋಡುತ್ತ ಕುಳಿತ. ಆಕೆ ಎಮ್ಮೆ ಮಾರಿ ಆಡು ತಂದಳು. ಊರವರು ಜಾಲಿಗೆ ಹಿಡಿಶಾಪ ಹಾಕುತ್ತ, ಅದರ ಕಟ್ಟಿಗೆಯಲ್ಲೇ ಚಹಾ ಕಾಯಿಸಿ ಕುಡಿದು, ಮತ್ತೆ ಬೈಯಲು ಕೂರುತ್ತಿದ್ದರು.

ಎಡವಟ್ಟಾದದ್ದು ಬಾಲಪ್ಪನ ದಾಳಿಂಬೆ ತೋಟದಲ್ಲಿ. ಆತ ಅಬೇದಾಬಿಯ ಆಡಿನ ಹಿಕ್ಕೆಯನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ಗಿಡಗಳ ಬುಡಕ್ಕೆ ಹಾಕಿದ್ದ. ಮೊದಲ ಮಳೆಗೇ ಬುಡಬುಡದಲ್ಲೂ ಜಾಲಿ ಸಸಿ ಎದ್ದವು. ಆತ ಊರ ಹಿರಿಯರನ್ನು ಕಟ್ಟೆಗೆ ಕರೆಸಿದ.

“ಗೊಬ್ಬರ ಕೇಳಿದ್ರ ಮುಳ್ಳು ಕೊಟ್ಟಾಳ್ರಿ ಈಕಿ,” ಎಂದ.

“ಆಡು ಹಾಕಿದ್ದನ್ನ ನೀನ ಹೇರ್ಕೊಂಡು ಹೋದಿ, ಬಾಲಪ್ಪಣ್ಣ. ನಾ ಏನ್ ಬಿತ್ತಾಕ ಬಂದಿದ್ನೇನು?” ಎಂದಳು ಅಬೇದಾಬಿ.

ಎಲ್ಲರೂ ನಕ್ಕರು, ತೀರ್ಪು ಮಾತ್ರ ಬಿಗಿಯಾಗಿಯೇ ಬಂತು. ಬಾಲಪ್ಪ ಹೊಸದಾಗಿ ನೆಡುವ ಹೊಲದಲ್ಲಿ ನಾಲ್ಕು ಸಾಲಿಗೆ ಆಕೆಯ ಗೊಬ್ಬರ, ಉಳಿದದ್ದಕ್ಕೆ ಅವನದೇ ತಿಪ್ಪೆಯದು. ಬರುವ ವರ್ಷದ ಮಳೆಗೆ ಆ ನಾಲ್ಕು ಸಾಲಿನಲ್ಲಿ ಒಂದು ಮುಳ್ಳು ಎದ್ದರೂ ಆಡುಗಳೆಲ್ಲ ಸಂತೆಗೆ.

ಮರುದಿನ ಅಬೇದಾಬಿ ತೋಟಕ್ಕೆ ಹೋಗಿ ಜಾಲಿ ಸಸಿಯೊಂದನ್ನು ಕಿತ್ತು ನೋಡಿದಳು. ಬೇರಿಗೆ ಹಿಕ್ಕೆ ಅಂಟಿಕೊಂಡೇ ಇತ್ತು. ಆಡಿನ ಹಲ್ಲಿಗೂ ಹೊಟ್ಟೆಗೂ ಬಗ್ಗದ ಬೀಜ. ಹಾಗಾದರೆ ತಿನ್ನಿಸುವ ಮೊದಲೇ ಅದನ್ನು ಮುರಿಯಬೇಕು ಎಂದುಕೊಂಡಳು.

ಕಾಯಿ ಉದುರುವ ದಿನಗಳು ಬಂದಾಗ ಆಡುಗಳನ್ನು ಕಟ್ಟಿಹಾಕಿ, ಮುಗಿಲು ನೋಡುತ್ತಿದ್ದ ರಸೂಲಸಾಬನ ಕೈಗೆ ಚೀಲ ಕೊಟ್ಟು ನೆಲ ನೋಡಲು ಕಳಿಸಿದಳು. ಆರಿಸಿ ತಂದ ಕಾಯಿಯನ್ನು ತಗಡಿನ ಮೇಲೆ ಗರಿಗರಿಯಾಗಿ ಒಣಗಿಸಿ ಮಂಜೂರನ ಗಿರಣಿಗೆ ಒಯ್ದಳು.

“ಚಾಚಿ, ಇದನ್ನ ಬೀಸಿದ್ರ ನಾಳೆ ಇಲ್ಲಿ ಜ್ವಾಳ ಯಾರು ತರತಾರ?” ಎಂದು ಅವನು ಕೈಮುಗಿದ.

ಸರಿ, ಮನೆಯ ಒರಳೇ ಗತಿ. ದಿನಕ್ಕೊಂದು ಪುಟ್ಟಿ ಕಾಯಿ ಕುಟ್ಟಿದಳು. ಪ್ರತಿ ಪೆಟ್ಟಿಗೂ ಬಾಲಪ್ಪನ ಹೆಸರು ಹೇಳಿದಳೆಂದು ಊರು ಹೇಳುತ್ತದೆ, ಆಕೆ ಅಲ್ಲಗಳೆದಿಲ್ಲ. ಒಡೆದ ಬೀಜದ ಹಿಟ್ಟು ತಿಂದು ಆಡುಗಳು ಮೈತುಂಬಿಕೊಂಡವು, ಅವುಗಳ ಹಿಕ್ಕೆ ಬಾಲಪ್ಪನ ಆ ನಾಲ್ಕು ಸಾಲಿಗೆ ಬಿತ್ತು.

ಮಳೆ ಬಂದ ಹತ್ತನೇ ದಿನ ಹಿರಿಯರೆಲ್ಲ ಹೊಲಕ್ಕೆ ಬಂದರು. ಬಾಲಪ್ಪ ಮೊಣಕಾಲೂರಿ ಆಕೆಯ ನಾಲ್ಕೂ ಸಾಲು ಹುಡುಕಿದ. ಒಂದು ಮುಳ್ಳೂ ಸಿಗಲಿಲ್ಲ. ಎದ್ದು ನಿಂತು ನೋಡಿದರೆ ಜಾಲಿ ಸಸಿಗಳೆಲ್ಲ ಆಚೆಯ ಸಾಲುಗಳಲ್ಲಿ, ಅವನದೇ ತಿಪ್ಪೆಯ ಗೊಬ್ಬರ ಬಿದ್ದಲ್ಲಿ, ನಗುತ್ತಿದ್ದವು. ಅವನ ಎತ್ತುಗಳೂ ಹಳ್ಳದ ದಂಡೆಯಲ್ಲಿ ಅದೇ ಕಾಯಿ ತಿಂದಿದ್ದವು.

ಅಬೇದಾಬಿ ಸೆರಗು ಸರಿಪಡಿಸಿಕೊಂಡಳು. “ನನ್ನ ಆಡಿನ ಮಾತು ಮುಗೀತು. ನಿನ್ನ ಎತ್ತು ಯಾವ ಸಂತಿಗೆ ಹೊಡಿತಿ, ಬಾಲಪ್ಪಣ್ಣ?”

ಬಾಲಪ್ಪ ಹಿರಿಯರ ಮುಖ ನೋಡಿದ. ಅವರ ಮನೆಗಳಲ್ಲೂ ಎತ್ತುಗಳಿದ್ದವು. ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು.