ನಾಲ್ಕು ಗ್ರಾಂ ವ್ಯತ್ಯಾಸ

ಬ್ರೆಡ್ ಕಾರ್ಖಾನೆಯಲ್ಲಿ ಅವಳಿಗೆ ತೂಕದಕ್ಕ ಎಂದೇ ಹೆಸರು. ಹಿಟ್ಟಿನ ತೇವ, ಒಲೆಯ ಕಾವು, ಉಂಡೆಯ ತೂಕ, ಎಲ್ಲವನ್ನೂ ಅಳೆದು ಬರೆದಿಡುವ ಕೆಲಸ ಹದಿನಾರು ವರ್ಷದಿಂದ ಅವಳದು. ಅಂಕಿ ಎಂದರೆ ಅವಳಿಗೆ ಎಲ್ಲಿಲ್ಲದ ನಂಬಿಕೆ. ಮನೆಯಲ್ಲೂ ಸಕ್ಕರೆ ಹಾಕುವಾಗ ಚಮಚ ತಟ್ಟಿ ಸಮ ಮಾಡಿಯೇ ಹಾಕುವಳು. ಗಂಡ ಒಮ್ಮೊಮ್ಮೆ, ಮದುವೆಗೆ ಮುಂಚೆ ನನ್ನನ್ನೂ ತೂಗಿಯೇ ಒಪ್ಪಿಕೊಂಡಿದ್ದಳು ಎಂದು ನೆಂಟರ ಮುಂದೆ ಕಿಚಾಯಿಸುತ್ತಿದ್ದ.

ಕಾರ್ಖಾನೆಯಲ್ಲಿ ಹಿಟ್ಟು ಕತ್ತರಿಸುವ ಮೇಜು ಎರಡು. ಒಂದನೇ ಮೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನಿಂತಿದ್ದವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಅಗಲವಾದ ತಗಡಿನಿಂದ ಹಿಟ್ಟು ಕತ್ತರಿಸಿ, ಅಂಗೈ ಮೇಲೆ ಒಮ್ಮೆ ಹಾರಿಸಿ ನೋಡಿ, ಒಂದು ಚೂರು ಕಿತ್ತೋ ಅಂಟಿಸಿಯೋ ಅಚ್ಚಿಗೆ ಹಾಕುವರು. ಉಂಡೆ ನಾನೂರು ಗ್ರಾಂ ಇರಬೇಕು. ಎರಡನೇ ಮೇಜಿನಲ್ಲಿ ಮೂವತ್ತರ ಹೆಂಗಸು, ಕೈ ಬಲು ಚುರುಕು, ಹಾಗಾಗಿ ಅವಳು ಚೂಟಿ.

ಒಂದು ಬೆಳಗ್ಗೆ ತೂಕದಕ್ಕ ದೊಡ್ಡಪ್ಪನ ಮೇಜಿಗೆ ಹೋಗಿ, ಪ್ರತಿ ಉಂಡೆಯನ್ನೂ ತಕ್ಕಡಿ ಮೇಲಿಟ್ಟು ಹಾಕಿದರೆ ಒಳ್ಳೆಯದು ಎಂದಳು. ಅವರು ಕೈ ನಿಲ್ಲಿಸದೆ, ನಿನ್ನ ತಕ್ಕಡಿಯ ಬ್ಯಾಟರಿ ಮುಗಿದ ದಿನವೂ ಊರು ಬ್ರೆಡ್ ತಿಂದಿದೆಯಮ್ಮ ಎಂದರು. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅದೇ ವಾರ ಬ್ರೆಡ್ ಹಗುರ ಬರುತ್ತಿದೆ ಎಂದು ಅಂಗಡಿಗಳಿಂದ ದೂರು ಬಂತು. ಯಾವ ಮೇಜಿನದು ನೋಡಿ ಎಂದು ಮ್ಯಾನೇಜರು ತೂಕದಕ್ಕನಿಗೆ ಹೇಳಿದರು. ಅವಳು ಎರಡೂ ಮೇಜಿನಿಂದ ಎಂಟೆಂಟು ಉಂಡೆ ಎತ್ತಿ ತೂಗಿದಳು. ದೊಡ್ಡಪ್ಪನ ಸರಾಸರಿ ಮುನ್ನೂರ ತೊಂಬತ್ತೇಳು, ಚೂಟಿಯದು ನಾನೂರ ಒಂದು. ಅವಳಿಗೆ ಅಷ್ಟು ಸಾಕಾಗಿತ್ತು. ಮಧ್ಯಾಹ್ನದ ಸಭೆಯಲ್ಲಿ, ದೊಡ್ಡಪ್ಪ ಎದುರಿಗೇ ಕೂತಿರುವಾಗ, ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಕೊನೆಗೆ, "ಕೈ ಅಂದಾಜು ಈಗ ಮೊದಲಿನ ಹಾಗಿಲ್ಲ ಸರ್, ಅಂಕಿ ಸುಳ್ಳು ಹೇಳಲ್ಲ" ಎಂದಳು. ದೊಡ್ಡಪ್ಪ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಮರುದಿನದಿಂದ ಅವರನ್ನು ಟ್ರೇ ತೊಳೆಯುವ ಕೋಣೆಗೆ ಹಾಕಿದರು. ಅವಳು ಅಂದು ಮನೆಗೆ ಹೋಗುವಾಗ ಹಾಡು ಗುನುಗಿಕೊಂಡು ಹೋದಳು. ಮುಂದೆ ಎಷ್ಟೋ ಸಲ ಅವಳನ್ನು ಚುಚ್ಚಿದ್ದು ಆ ಗುನುಗು.

ಆರು ತಿಂಗಳಾದ ಮೇಲೆ ಕಾರ್ಖಾನೆಯವರು ಅವಳನ್ನು ಅಳತೆ ಮತ್ತು ಗುಣಮಟ್ಟದ ತರಬೇತಿಗೆ ಕಳುಹಿಸಿದರು. ವಾರಕ್ಕೊಂದು ಮಧ್ಯಾಹ್ನ ಪಾಠ. ಈ ವಾರ ಟಿ ಟೆಸ್ಟ್ ಕಲಿಸುತ್ತಾರಂತೆ ಎಂದು ಮನೆಯಲ್ಲಿ ಹೇಳಿದಾಗ ಅತ್ತೆ, ಟೀ ರುಚಿ ನೋಡುವುದಕ್ಕೂ ಕ್ಲಾಸು ಬೇಕೇನೇ ಎಂದು ಕೇಳಿದ್ದರು. ಪಾಠ ಮಾಡುವವಳು ತೂಕದಕ್ಕನ ಮಗಳ ವಯಸ್ಸಿನ ಹುಡುಗಿ. ಎರಡು ಗುಂಪುಗಳ ಸರಾಸರಿ ಹೋಲಿಸಿರುವ ಲೆಕ್ಕ ನಿಮ್ಮ ನಿಮ್ಮ ಕೆಲಸದಿಂದಲೇ ತನ್ನಿ ಎಂದಿದ್ದಳು. ತೂಕದಕ್ಕ ಹೆಮ್ಮೆಯಿಂದಲೇ ಆ ಹದಿನಾರು ಅಂಕಿ ಬರೆದುಕೊಂಡು ಹೋದಳು. ಮೊದಲು ಯಾರದು ಎಂದಾಗ ಕೈ ಎತ್ತಿದವಳೂ ಅವಳೇ.

ಮೇಡಂ ಅಂಕಿಗಳನ್ನು ಹಲಗೆ ಮೇಲೆ ಎರಡು ಸಾಲಾಗಿ ಬರೆದಳು. ಒಂದನೇ ಮೇಜಿನ ಸಾಲಿನಲ್ಲಿ ಮುನ್ನೂರ ಎಂಬತ್ತನಾಲ್ಕೂ ಇತ್ತು, ನಾನೂರ ಒಂಬತ್ತೂ ಇತ್ತು. ಎರಡನೆಯದರಲ್ಲಿ ಮುನ್ನೂರ ಎಂಬತ್ತೇಳರಿಂದ ನಾನೂರ ಹದಿಮೂರರವರೆಗೆ. ಹಾಗೆ ಪಕ್ಕಪಕ್ಕದಲ್ಲಿ ಇಟ್ಟು ತೂಕದಕ್ಕ ಎಂದೂ ನೋಡಿರಲಿಲ್ಲ. ಅವಳು ನೋಡಿದ್ದು ಕೆಳಗಿನ ಸರಾಸರಿ ಮಾತ್ರ.

"ಒಬ್ಬರ ಕೈಯಲ್ಲೇ ಉಂಡೆಯಿಂದ ಉಂಡೆಗೆ ಇಷ್ಟೊಂದು ಏರುಪೇರು ಇದೆ ನೋಡಿ" ಎಂದಳು ಮೇಡಂ. "ಹೀಗಿರುವಾಗ ಎಂಟೇ ಉಂಡೆ ತೂಗಿದರೆ, ಎರಡು ಸರಾಸರಿಗಳ ನಡುವೆ ನಾಲ್ಕೂವರೆ ಗ್ರಾಂ ಆಚೀಚೆ ಆಗೋದು ಸಹಜ. ಯಾರ ತಪ್ಪೂ ಬೇಕಾಗಿಲ್ಲ. ನಿಮ್ಮ ವ್ಯತ್ಯಾಸ ನಾಲ್ಕು. ನಾಲ್ಕನ್ನ ನಾಲ್ಕೂವರೆಯಿಂದ ಭಾಗಿಸಿದರೆ ಒಂದೂ ಬರಲ್ಲ. ಅದೇ ಟಿ. ಅದು ಎರಡು ದಾಟಿದ್ದರೆ ಯೋಚನೆ ಮಾಡಬಹುದಿತ್ತು."

ಹಾಗಾದರೆ ಇಬ್ಬರ ಕೈಯೂ ಸಮ ಅಂತಲೇ ಎಂದು ತೂಕದಕ್ಕ ಕೇಳಿದಳು. ದನಿ ತನ್ನದಲ್ಲ ಅನ್ನಿಸಿತು.

"ಸಮ ಅಂತಲೂ ಹೇಳೋಕಾಗಲ್ಲ ಅಕ್ಕ. ಇಷ್ಟು ತೂಗಿ ನಮಗೆ ಏನೂ ಗೊತ್ತಾಗಿಲ್ಲ ಅಂತ ಅರ್ಥ, ಅಷ್ಟೇ. ಇದರ ಮೇಲೆ ಯಾವ ತೀರ್ಮಾನವನ್ನೂ ತಗೊಂಡಿಲ್ಲ ತಾನೇ?"

ಇಲ್ಲ ಎಂದು ತೂಕದಕ್ಕ ತಲೆಯಾಡಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಕಿವಿಯ ತುದಿವರೆಗೆ ಬಿಸಿ ಏರಿತು. ಹಲಗೆಯ ಮೇಲಿನ ಅಂಕಿ ಒರೆಸುವವರೆಗೂ ಅವಳು ಅತ್ತ ನೋಡಲಿಲ್ಲ.

ಮರುದಿನ ಊಟದ ಹೊತ್ತಿಗೆ ಟ್ರೇ ತೊಳೆಯುವ ಕೋಣೆಗೆ ಹೋದಳು. ಆರು ತಿಂಗಳಲ್ಲಿ ಆ ಬಾಗಿಲು ಅವಳು ದಾಟಿರಲಿಲ್ಲ. ಬೇಕೆಂದೇ ಬೇರೆ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದಳೆಂದು ಈಗ ಅವಳಿಗೇ ಹೊಳೆಯಿತು. ಒಳಗೆ ಬಿಸಿನೀರಿನ ಹಬೆ, ಜಿಡ್ಡು ತೆಗೆಯುವ ಸೋಡಾದ ಘಾಟು. ದೊಡ್ಡಪ್ಪ ಟ್ರೇ ಉಜ್ಜುತ್ತಿದ್ದವರು ನೋಡಿ, ಬಾರಮ್ಮ ಎಂದರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ನಿಮ್ಮನ್ನು ಇನ್ನೊಮ್ಮೆ ಮೇಜಿಗೆ ಕರೆಸಿ ಸರಿಯಾಗಿ ತೂಗೋಣ ಅಂತಿದ್ದೇನೆ ಎಂದು ಮಾತ್ರ ಹೇಳಿದಳು. ಅವರು ಕೈಯಲ್ಲಿದ್ದ ಟ್ರೇ ತೊಳೆದಿಟ್ಟು, ಆಗಲಿ ಎಂದರು.

ಈ ಸಲ ಅವಳು ಯಾವ ಮುಲಾಜಿಗೂ ಜಾಗ ಕೊಡಲಿಲ್ಲ. ಒಬ್ಬೊಬ್ಬರಿಂದ ನಲವತ್ತು ಉಂಡೆ. ಯಾವುದು ಯಾರದೆಂದು ತನಗೇ ತಿಳಿಯದಂತೆ ಪ್ಯಾಕಿಂಗಿನವಳ ಕೈಯಲ್ಲಿ ಚೀಟಿ ಅಂಟಿಸಿ ತರಿಸಿದಳು. ತೂಗಿ ಮುಗಿಸಿ ಚೀಟಿ ಬಿಡಿಸಿದಾಗ ಚೂಟಿಯದು ಮತ್ತೆ ನಾನೂರ ಒಂದು. ದೊಡ್ಡಪ್ಪನದು ಮುನ್ನೂರ ತೊಂಬತ್ನಾಲ್ಕು. ಏರುಪೇರೂ ಹೆಚ್ಚಿತ್ತು. ಎರಡು ಸಲ ಲೆಕ್ಕ ಹಾಕಿದಳು. ಟಿ ಮೂರರ ಹತ್ತಿರ ಬಂತು.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಎದ್ದು ಒಂದನೇ ಮೇಜಿಗೆ ಹೋದಳು. ದೊಡ್ಡಪ್ಪ ಅಂಗೈಗೆ ಅಂಟಿದ ಹಿಟ್ಟನ್ನು ಕಿತ್ತು ತೆಗೆಯುತ್ತಿದ್ದರು. ಬೆರಳ ಸಂದುಗಳೆಲ್ಲ ಸೀಳಿ, ಅಂಗೈ ಬಿರಿದು, ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಆರು ತಿಂಗಳು ಸೋಡಾ ನೀರಿನಲ್ಲಿ ನೆಂದ ಕೈ. ಆ ಕೈಯಲ್ಲಿ ಹಿಟ್ಟು ಜಾರುವುದೂ ಇಲ್ಲ, ತೂಕ ತಿಳಿಯುವುದೂ ಇಲ್ಲ.

ಮ್ಯಾನೇಜರು ಮಾತ್ರ ಹಾಳೆ ನೋಡಿ ಖುಷಿಪಟ್ಟರು. "ಕೊನೆಗೂ ನೀವು ಹೇಳಿದ್ದೇ ಸರಿಯಾಯ್ತಲ್ಲ" ಎಂದರು.

ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೌದು ಸರ್ ಎನ್ನುವ ಮಾತು ನಾಲಿಗೆಯ ತುದಿವರೆಗೆ ಬಂದಿತ್ತೆಂದು ಅವಳು ಬಹಳ ದಿನಗಳ ಮೇಲೆ ಗಂಡನ ಹತ್ತಿರ ಒಪ್ಪಿಕೊಂಡಳು. ಆದರೆ ಅಂದು ಅವಳು ಹೇಳಿದ್ದು ಬೇರೆ. "ಸರಿಯಾಗಿರಲಿಲ್ಲ ಸರ್. ನಾನು ಸರಿ ಮಾಡಿಸಿದೆ. ಆಗ ಅವರ ಕೈ ಕೆಟ್ಟಿದೆ ಅನ್ನೋಕೆ ನನ್ನ ಹತ್ತಿರ ಆಧಾರವೇ ಇರಲಿಲ್ಲ. ಹಾಳಾಗಿದೆ ಅಂತ ನಾನು ಹೇಳಿದ್ದಕ್ಕೇ ಈಗ ಹಾಳಾಗಿದೆ."

ಮ್ಯಾನೇಜರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅವಳು ಬಿಡದೆ, ಸಭೆ ಕರೆಯಿರಿ, ಎಲ್ಲರೆದುರು ಹೇಳಿದ್ದನ್ನು ಎಲ್ಲರೆದುರೇ ವಾಪಸು ತಗೋಬೇಕು ಎಂದು ಹಟ ಹಿಡಿದಳು.

ಸಭೆಯಲ್ಲಿ ಅವಳು ಹಾಳೆ ಹಿಡಿದು ಎದ್ದು ನಿಂತಳು. ಮೊದಲ ಲೆಕ್ಕ ಓದಿದಳು, ಅದರಲ್ಲಿ ತಪ್ಪೇನೆಂದು ಹೇಳಿದಳು, ಎರಡನೆಯ ಲೆಕ್ಕ ಓದಿ ಅದು ಹಾಗೇಕೆ ಬಂತೆಂದು ಹೇಳಿದಳು. ಹಾಳೆಯಲ್ಲಿ ಇಲ್ಲದ ಒಂದು ಮಾತನ್ನೂ ಹೇಳಿದಳು. ಆವತ್ತು ದೊಡ್ಡಪ್ಪ ತಮಾಷೆ ಮಾಡಿರದಿದ್ದರೆ ಇನ್ನೂ ನಾಲ್ಕು ಉಂಡೆ ತೂಗಿ ನೋಡುತ್ತಿದ್ದೆನೋ ಏನೋ ಎಂದಳು. ಚೂಟಿ ನೆಲ ನೋಡುತ್ತಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ತೂಕದಕ್ಕನಿಗೆ.

ಎಲ್ಲರೂ ಎದ್ದು ಹೋದ ಮೇಲೆ ದೊಡ್ಡಪ್ಪ ಹತ್ತಿರ ಬಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನನ್ನ ಕೈ ಕೆಟ್ಟುಹೋಯ್ತು ಅಂತ ನಾನೂ ನಂಬಿಬಿಟ್ಟಿದ್ದೆ ಕಣಮ್ಮ" ಎಂದರು. "ಮನೆಯವಳ ಹತ್ತಿರ ಹೇಳೋಕೆ ನಾಚಿಕೆ ಆಗಿ, ನಾನೇ ಬೇರೆ ಕೆಲಸ ಕೇಳಿ ತಗೊಂಡೆ ಅಂದಿದ್ದೆ. ದಿನಾ ಕೈಗೆ ಎಣ್ಣೆ ಹಚ್ಚುವಾಗ ಕೇಳ್ತಾಳೆ, ಇದಕ್ಕೋಸ್ಕರ ಕೇಳಿ ತಗೊಂಡ್ರಾ ಅಂತ."

ತಪ್ಪಾಯ್ತು ದೊಡ್ಡಪ್ಪ ಎಂದಳು. ಅವರು, ಆಯ್ತು ಬಿಡು ಎನ್ನಲಿಲ್ಲ. ಬಟ್ಟೆ ಸುತ್ತಿದ ಬೆರಳನ್ನು ಸರಿಮಾಡಿಕೊಂಡು ಹೊರಟುಹೋದರು.

ಟ್ರೇ ಕೋಣೆಗೆ ದಪ್ಪ ರಬ್ಬರ್ ಗ್ಲೌಸು ಬಂದವು. ಅವುಗಳಿಗಾಗಿ ಅವಳು ಮೂರು ಸಲ ಅರ್ಜಿ ಬರೆದಿದ್ದಳು. ದೊಡ್ಡಪ್ಪನನ್ನು ಹಿಟ್ಟಿನ ಹದ ನೋಡುವ ಕೆಲಸಕ್ಕೆ ಹಾಕಿ, ಕೈ ಮಾಯ್ದ ಮೇಲೆ ಒಂದನೇ ಮೇಜಿಗೆ ಕರೆಸಿಕೊಂಡರು. ಮೂರು ತಿಂಗಳು ಹಿಡಿಯಿತು. ಬ್ರೆಡ್ ಹಗುರವಾಗುತ್ತಿದ್ದದ್ದು ಒಲೆಯ ಕಾವು ಹೆಚ್ಚಾಗಿ ತೇವ ಆರುತ್ತಿದ್ದದ್ದರಿಂದ ಎಂದು ಆ ಹೊತ್ತಿಗೆ ಗೊತ್ತಾಗಿತ್ತು. ಕಾವು ಅಳೆಯುವ ಕೆಲಸವೂ ತೂಕದಕ್ಕನದೇ ಆಗಿತ್ತು.

ದೊಡ್ಡಪ್ಪ ಇನ್ನೂ ಎರಡು ವರ್ಷ ದುಡಿದರು. ಅವಳೊಡನೆ ಮಾತು ಬಿಡಲಿಲ್ಲ. ಹಿಟ್ಟು, ಹವಾ, ಮೊಮ್ಮಕ್ಕಳು ಎಂದು ಮಾತಾಡುತ್ತಿದ್ದರು. ಆದರೆ ಅವಳೊಡನೆ ಮತ್ತೆಂದೂ ತಮಾಷೆ ಮಾಡಲಿಲ್ಲ. ಉಂಡೆ ಅಂಗೈ ಮೇಲೆ ಹಾರಿಸಿದ ಮೇಲೆ, ಮೊದಲು ಎಂದೂ ಇಲ್ಲದ ಹಾಗೆ, ಅಚ್ಚಿಗೆ ಹಾಕುವ ಮುಂಚೆ ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದರು. ತೂಕ ಸರಿಯಾಗಿಯೇ ಇರುತ್ತಿತ್ತು. ಅವರು ಹಾಗೆ ಬಗ್ಗಿ ಅಂಕಿ ನೋಡುವಾಗ ತೂಕದಕ್ಕ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.