ಬೀಗರ ಬೀಗಕ್ಕೆ ಬೆಲೆ ಕಟ್ಟಿದ್ದು

ನಮ್ಮ ಚಿಕ್ಕಮ್ಮ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಅನ್ನುವುದು ಅಜ್ಜಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಮನೆಗೆ ಬಂದವರ ಮುಂದೆ, "ಚಿನ್ನಕ್ಕೆ ಬೆಲೆ ಕಟ್ಟೋರನ್ನ ನೋಡಿದೀನಿ, ಮನೆಗೆ ಬೆಲೆ ಕಟ್ಟೋರನ್ನ ನೋಡಿದೀನಿ. ನನ್ನ ಮಗಳು ಹೆಸರಿಗೆ ಬೆಲೆ ಕಟ್ತಾಳಂತೆ. ಯಾವ ತಕ್ಕಡೀಲಿ ಇಟ್ಟು ತೂಗ್ತಾಳೋ" ಅನ್ನುತ್ತಿದ್ದಳು. ದೂರುತ್ತಿದ್ದಾಳೋ ಹೆಮ್ಮೆ ಪಡುತ್ತಿದ್ದಾಳೋ ಕೇಳಿದವರಿಗೆ ಗೊತ್ತಾಗುತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಾ ನಗುತ್ತಿದ್ದಳು.

ಈ ಕೆಲಸಕ್ಕೆ ಅವಳು ಬಯಸಿ ಬಂದವಳಲ್ಲ. ಬೆಲೆ ಕಟ್ಟುವ ಕಸುಬು ಚಿಕ್ಕಪ್ಪನದು. ಯಂತ್ರ, ಗೋದಾಮು, ಲಾರಿ, ಹೀಗೆ ಕೈಗೆ ಸಿಗುವಂಥವಕ್ಕೆ. ಯಂತ್ರವನ್ನು ಬೆರಳ ಗಿಣ್ಣಿನಿಂದ ತಟ್ಟಿ, ಒಂದು ಸುತ್ತು ಹಾಕಿ, "ಇನ್ನು ನಾಲ್ಕು ವರ್ಷ ದುಡಿಯುತ್ತೆ" ಅಂದರೆ ಬ್ಯಾಂಕಿನವರು ಮರುಮಾತಾಡುತ್ತಿರಲಿಲ್ಲ. ಮುದ್ರಣಾಲಯದ ಮೇಲಿನ ಎರಡು ಕೋಣೆಗಳಲ್ಲಿ ಗಂಡ ಹೆಂಡತಿ ಕಚೇರಿ ನಡೆಸುತ್ತಿದ್ದರು. ಇವಳು ಲೆಕ್ಕ ನೋಡುತ್ತಾ ತಾನೂ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಆಮೇಲೆ ಒಂದು ದಿನ ಚಿಕ್ಕಪ್ಪ ಯಾವುದೋ ಕಾರ್ಖಾನೆಯ ಮೆಟ್ಟಿಲ ಮೇಲೆ ಕುಸಿದು ಕೂತವನು ಏಳಲಿಲ್ಲ.

ಕಚೇರಿ ಮುಚ್ಚು ಅಂತ ಎಲ್ಲರೂ ಹೇಳಿದರು. ಮುಚ್ಚಬೇಕು ಅಂತಲೇ ಅವಳೂ ಇದ್ದಳು. ಆದರೆ ಬೋರ್ಡಿನ ಮೇಲೆ ಚಿಕ್ಕಪ್ಪನ ಹೆಸರು ನೋಡಿ ಜನ ಮೆಟ್ಟಿಲು ಹತ್ತಿ ಬರುತ್ತಲೇ ಇದ್ದರು. "ಒಳಗೆ ಬಂದು ನನ್ನ ಮುಖ ನೋಡಿ ಒಂದು ಗಳಿಗೆ ತಬ್ಬಿಬ್ಬಾಗೋರು. ಆಮೇಲೆ ಕೂತ್ಕೊಳ್ಳೋರು" ಅಂತ ಅವಳೇ ನನಗೆ ಹೇಳಿದ್ದಳು. "ಅವರು ಕೂತ್ಕೊಂಡ್ರಲ್ಲ, ಅದು ನನ್ನ ದುಡಿಮೆಯಲ್ಲ ಕಣೇ. ನಾನಿನ್ನೂ ಬಾಯೇ ಬಿಟ್ಟಿರ್ಲಿಲ್ಲ. ಸತ್ತ ಮೇಲೂ ಅವರ ಹೆಸರು ಮನೆಗೆ ತಂದು ಹಾಕ್ತಿತ್ತು." ಹೆಸರು ಅನ್ನುವುದು ಆಸ್ತಿ ಅಂತ ಅವಳಿಗೆ ಮೊದಲು ಮನದಟ್ಟಾದದ್ದು ಹಾಗೆ. ಕಂಪನಿಗಳ ಬ್ರಾಂಡಿಗೆ ಬೆಲೆ ಕಟ್ಟುವವರು ಆಗ ಊರಿಗೊಬ್ಬರೂ ಇರಲಿಲ್ಲ. ಅವಳು ಮತ್ತೆ ಓದಲು ಕೂತಳು, ಮತ್ತೆ ಪರೀಕ್ಷೆ ಕಟ್ಟಿದಳು. ಹಳೆಯ ಲೆಕ್ಕಿಗರು ಅವಳನ್ನು 'ಗಾಳಿ ಲೆಕ್ಕದವಳು' ಅಂತ ಕರೆದು ಮೂಗು ಮುರಿದರು. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡು ಕೆಲಸ ಮಾಡಿಕೊಂಡು ಹೋದಳು.

ಅವಳು ಮಾಡಿದ ಕೆಲಸಗಳಲ್ಲಿ ನನಗೆ ಪೂರ್ತಿ ಗೊತ್ತಿರುವುದು ಬೀಗದ ಕಂಪನಿಯದು ಮಾತ್ರ. ಎಲ್ಲ ಮುಗಿದು ಎಷ್ಟೋ ಕಾಲವಾದ ಮೇಲೆ ಹೇಳಿದಳು.

ಇಬ್ಬರು ಗೆಳೆಯರು ಸೇರಿ ಕಟ್ಟಿದ ಕಂಪನಿ ಅದು. ಒಬ್ಬರು ಕಾರ್ಖಾನೆಯೊಳಗೆ ಬೀಗ ಮಾಡಿಸುವವರು, ಇನ್ನೊಬ್ಬರು ಅಂಗಡಿ ಅಂಗಡಿ ಸುತ್ತಿ ಮಾರುವವರು. ಕೆಲಸಗಾರರ ಬಾಯಲ್ಲಿ ಒಳಗಿನ ಯಜಮಾನರು, ಹೊರಗಿನ ಯಜಮಾನರು. ಬೀಗದ ಮೇಲೆ 'ಜೋಡಿ' ಅಂತ ಮುದ್ರೆ. ಒಳಗಿನವರ ಮಗಳನ್ನು ಹೊರಗಿನವರ ಮಗನಿಗೆ ಕೊಟ್ಟು ಇಬ್ಬರೂ ಬೀಗರಾದ ಮೇಲಂತೂ ಪೇಟೆಯವರಿಗೆ ಹಬ್ಬ. 'ಬೀಗರ ಬೀಗ' ಅಂತಲೇ ಅದು ಜನರ ಬಾಯಿಗೆ ಬಿತ್ತು. "ಬೀಗರು ಮಾಡಿದ್ದು, ಸುಲಭಕ್ಕೆ ಬಾಯಿ ಬಿಡೋಲ್ಲ" ಅಂತ ಅಂಗಡಿಯವರು ನಗಿಸಿ ಮಾರುತ್ತಿದ್ದರು.

ಆದರೆ ಮಕ್ಕಳ ಸಂಸಾರ ನಿಲ್ಲಲಿಲ್ಲ. ಹೊಡೆದಾಟ ಬಡಿದಾಟ ಏನೂ ಇಲ್ಲದೆ, ಒಬ್ಬರ ಜೊತೆ ಒಬ್ಬರಿಗೆ ಆಗದೆ ಬೇರೆಯಾದರು. ಅವರಿಬ್ಬರು ತಣ್ಣಗೇ ಇದ್ದರು. ಬೆಂಕಿ ಹತ್ತಿದ್ದು ಅಪ್ಪಂದಿರಿಗೆ. ಮಾತು ಬಿಟ್ಟರು, ಒಂದೇ ಗೇಟಿನಲ್ಲಿ ಬರುವುದನ್ನೂ ಬಿಟ್ಟರು. ಕೊನೆಗೆ ಕಂಪನಿ ಪಾಲಾಗಲಿ ಅಂತ ಬಂತು.

ಕಟ್ಟಡ, ಯಂತ್ರ, ಗೋದಾಮಿನಲ್ಲಿದ್ದ ಮಾಲು ಎಲ್ಲ ಪಾಲಾದವು. 'ಜೋಡಿ' ಅನ್ನುವ ಹೆಸರನ್ನು ಮಾತ್ರ ಎರಡು ಹೋಳು ಮಾಡುವ ಹಾಗಿರಲಿಲ್ಲ. ಯಾರೋ ಒಬ್ಬರು ಇಟ್ಟುಕೊಂಡು ಇನ್ನೊಬ್ಬರಿಗೆ ಅದರ ಅರ್ಧ ಬೆಲೆ ಕೊಡಬೇಕು. ಬೆಲೆ ಎಷ್ಟು ಅಂತ ಹೇಳಲು ಚಿಕ್ಕಮ್ಮನನ್ನು ಕರೆಸಿದರು.

ಅವಳು ಮೊದಲೇ ಒಂದು ಮಾತು ಹೇಳಿದಳು. "ಹೆಸರು ಯಾರು ಇಟ್ಕೊಳ್ತೀರಿ ಅಂತ ನನಗೆ ಈಗ ಹೇಳ್ಬೇಡಿ. ಗೊತ್ತಾದ್ರೆ ನನ್ನ ಪೆನ್ನು ಯಾವ ಕಡೆಗಾದ್ರೂ ವಾಲುತ್ತೆ."

"ಹೆಸರಿಗೆಲ್ಲ ಎಂಥ ಬೆಲೆ ತಾಯಿ" ಅಂದರು ಒಳಗಿನ ಯಜಮಾನರು. "ಬೀಗಕ್ಕೆ ಬೆಲೆ. ಅದರೊಳಗಿನ ಕಬ್ಬಿಣಕ್ಕೆ ಬೆಲೆ."

ಚಿಕ್ಕಮ್ಮ ಎಲ್ಲರಿಗೂ ಹೇಳುವ ಹಾಗೆ ಅವರಿಗೂ ಬಿಡಿಸಿ ಹೇಳಿದಳು. "ಈ ಹೆಸರು ನಿಮ್ಮದಲ್ಲ, ಇನ್ನೊಬ್ಬರದು ಅಂದ್ಕೊಳ್ಳಿ. ನಿಮ್ಮ ಬೀಗದ ಮೇಲೆ ಒತ್ತೋಕೆ ಅವರಿಗೆ ಬಾಡಿಗೆ ಕೊಡ್ಬೇಕು. ಎಷ್ಟು ಕೊಡ್ತಿದ್ರಿ? ಹೆಸರು ನಿಮ್ಮದೇ ಆಗಿರೋದ್ರಿಂದ ಆ ಬಾಡಿಗೆ ಪ್ರತಿ ವರ್ಷ ಉಳೀತಿದೆ. ಮುಂದೆ ಎಷ್ಟು ವರ್ಷ ಹಾಗೆ ಉಳಿಯುತ್ತೆ, ಅದೆಲ್ಲ ಸೇರಿಸಿ ಇವತ್ತಿನ ಲೆಕ್ಕದಲ್ಲಿ ಎಷ್ಟು, ಅಷ್ಟೇ ನಾನು ನೋಡೋದು."

ಅವರು, "ಬಾಡಿಗೆ ಅಂದ್ರೆ ಅರ್ಥವಾಗುತ್ತೆ" ಅಂದರು.

ಕಂಪನಿಯ ಲೆಕ್ಕಗಳು ಚೊಕ್ಕಟವಾಗಿದ್ದವು. ಹೆಸರಿಲ್ಲದ ಬೀಗಕ್ಕಿಂತ 'ಜೋಡಿ'ಗೆ ಜನ ಹೆಚ್ಚು ಕೊಡುತ್ತಾರೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಲೆಕ್ಕ ಎಂದಿಗೂ ನಿನ್ನೆಯ ಮಾತನ್ನೇ ಆಡುತ್ತದೆ ಅಂತ ಚಿಕ್ಕಮ್ಮ ಹೇಳುವುದುಂಟು. ಹಾಗಾಗಿ ಅವಳು ಯಾವ ಹೆಸರಿಗೆ ಬೆಲೆ ಕಟ್ಟಬೇಕಾದರೂ ಕೈಚೀಲ ಹಿಡಿದು ಗಿರಾಕಿಯಂತೆ ಅಂಗಡಿಗಳಲ್ಲಿ ಹೋಗಿ ನಿಲ್ಲುತ್ತಿದ್ದಳು.

ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಆರಿಸುವ ನೆಪದಲ್ಲಿ ನಿಂತಿದ್ದಾಗ ಒಬ್ಬ ಹೆಂಗಸು ಬಂದಳು. ಹೊಸದಾಗಿ ಬಾಡಿಗೆ ಮನೆ ಹಿಡಿದವಳು. "ಒಂದು 'ಜೋಡಿ' ಬೀಗ ಕೊಡಿ" ಅಂದಳು. ತನ್ನ ಅಮ್ಮನ ಮನೆಯಲ್ಲೂ ಅದೇ ಇತ್ತು ಅಂತಲೂ ಸೇರಿಸಿದಳು. ಅಂಗಡಿಯ ಮುದುಕ ಕೆಳದನಿಯಲ್ಲಿ, "ಬೇರೆ ಕೊಡ್ತೀನಿ ತಗೊಳ್ಳಮ್ಮ" ಅಂದ.

ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಆ ಹೆಂಗಸು ಹೋದ ಮೇಲೆ, ತಾನು ಯಾರೆಂದು ಹೇಳಿ ಕಾರಣ ಕೇಳಿದಳು. ಮುದುಕ ಮೇಜಿನ ಕೆಳಗಿನ ಡ್ರಾಯರ್ ಎಳೆದು ತೋರಿಸಿದ. ತುಂಬ ಬೀಗಗಳು, ಎಲ್ಲ ಹೊಸವು. ಕೀಲಿ ಹೋಗುತ್ತದೆ, ತಿರುಗುವುದಿಲ್ಲ.

"ನಮ್ಮ ಬೀದಿಯ ಒಬ್ಬ ಅಜ್ಜಿ ತನ್ನ ಮನೆ ಮುಂದೆ ತಾನೇ ಸಂಜೆಯೆಲ್ಲ ಚಳೀಲಿ ಕೂತಿದ್ಲು. ಕೊನೆಗೆ ಕೊಂಡಿ ಕತ್ತರಿಸಬೇಕಾಯ್ತು. ಇದೇ ಗಟ್ಟಿ ಅಂತ ಹೇಳಿ ಕೊಟ್ಟೋನು ನಾನು. ಅವಳು ಬೈದಿದ್ದು ಕಂಪನೀನಲ್ಲ ತಾಯಿ, ನನ್ನನ್ನ."

"ಕಂಪನಿಗೆ ಹೇಳಿದ್ರಾ?"

"ಹೊರಗಿನ ಯಜಮಾನರಿಗೆ ಹೇಳ್ದೆ. ನೋಡೋಣ ಅಂದ್ರು. ಅವರು ನೋಡಿದ್ದನ್ನ ನಾನಿನ್ನೂ ಕಾಣೆ."

ಇನ್ನೂ ಕೆಲವು ಅಂಗಡಿಗಳಲ್ಲಿ ಅದೇ ಕಥೆ. ಮಾರಾಟವೇನೂ ಇಳಿದಿರಲಿಲ್ಲ. ಜನ ಹಳೆಯ ನಂಬಿಕೆಯಲ್ಲಿ ಕೊಳ್ಳುತ್ತಲೇ ಇದ್ದರು. ಇವತ್ತಿನ ಲೆಕ್ಕದ ಮೇಲೆ ಬೆಲೆ ಬರೆದುಕೊಟ್ಟರೆ ಯಾರೂ ತಪ್ಪೆನ್ನುವಂತಿಲ್ಲ. ಆದರೆ ಹೆಸರು ಇಟ್ಟುಕೊಂಡವರು ಎರಡು ವರ್ಷದಲ್ಲಿ ಮುಳುಗುತ್ತಾರೆ. ಇದ್ದದ್ದನ್ನು ವರದಿಯಲ್ಲಿ ಬರೆದರೆ ಅದು ವಕೀಲರ ಕೈಗೆ, ವಕೀಲರಿಂದ ಪೇಟೆಗೆ. ಸ್ವಲ್ಪ ಉಳಿದಿರುವ ಹೆಸರೂ ಮಣ್ಣುಪಾಲು. ಬರೆದರೆ ಹೆಸರು ಕೆಡುತ್ತದೆ, ಬರೆಯದಿದ್ದರೆ ಲೆಕ್ಕ ಕೆಡುತ್ತದೆ.

ಮನೆಗೆ ಬಂದು ಯಾರ ಹೆಸರೂ ಎತ್ತದೆ ಅಜ್ಜಿಯ ಮುಂದೆ ಹೇಳಿಕೊಂಡಳು. ಅಜ್ಜಿ ಕನ್ನಡಕ ಒರೆಸುತ್ತಾ, "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗಾಯ್ತು. ಬರೆಯೋದು ಆಮೇಲೆ ಇದ್ದೇ ಇದೆ. ಮೊದಲು ಇಬ್ಬರನ್ನೂ ಎದುರಿಗೆ ಕೂರಿಸ್ಕೊಂಡು ಬಾಯಲ್ಲಿ ಹೇಳು" ಅಂದಳು.

ಕೂರಿಸುವುದೇ ಕಷ್ಟವಾಯಿತು. ಇನ್ನೊಬ್ಬರು ಬಂದರೆ ತಾವು ಬರುವುದಿಲ್ಲ ಅಂತ ಇಬ್ಬರೂ ಹೇಳಿದರು. ಬರದಿದ್ದರೆ ಕೆಲಸ ಇಲ್ಲಿಗೇ ಬಿಡುತ್ತೇನೆ ಅಂತ ಚಿಕ್ಕಮ್ಮ ಹಟ ಹಿಡಿದ ಮೇಲೆ ಬಂದರು. ಕುರ್ಚಿಗಳನ್ನು ಓರೆ ಮಾಡಿಕೊಂಡು, ಒಬ್ಬರು ಕಿಟಕಿ ನೋಡುತ್ತಾ, ಇನ್ನೊಬ್ಬರು ಬೀರು ನೋಡುತ್ತಾ ಕೂತರು. ಕೆಳಗೆ ಮುದ್ರಣ ಯಂತ್ರ ಓಡುತ್ತಿದ್ದುದರಿಂದ ನೆಲ ಸಣ್ಣಗೆ ನಡುಗುತ್ತಿತ್ತು.

ಚಿಕ್ಕಮ್ಮ ಒಂದು ಬೀಗ, ಒಂದು ಕೀಲಿ ಮೇಜಿನ ಮೇಲಿಟ್ಟು, "ತೆಗೀರಿ" ಅಂದಳು.

ಹೊರಗಿನ ಯಜಮಾನರು ಕೀಲಿ ಹಾಕಿ ತಿರುಗಿಸಿದರು. ಬೆರಳು ಕೆಂಪಾಯಿತು, ಬೀಗ ತೆಗೆಯಲಿಲ್ಲ. ಒಳಗಿನವರು ಕೈ ಚಾಚಿ ಬೀಗ ಕಿತ್ತುಕೊಂಡು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿದರು. ಅವರ ಮುಖ ಸಪ್ಪಗಾಯಿತು.

"ಇದು ನನ್ನ ಬೀಗ ಅಲ್ಲ."

"ಮುದ್ರೆ ನೋಡಿ" ಅಂದಳು ಚಿಕ್ಕಮ್ಮ.

ಮುದ್ರೆ ಅವರದೇ. ಅಂಗಡಿಗಳಲ್ಲಿ ಕಂಡದ್ದನ್ನೆಲ್ಲ ಅವಳು ಹೇಳಿದಳು. ಒಳಗಿನವರು ಅದೇ ಮೊದಲ ಸಲ ಇನ್ನೊಬ್ಬರ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಅಂದರು.

"ಗೊತ್ತಿತ್ತು. ಹೇಗೂ ಹೆಸರು ನಿಮಗೇ ಹೋಗೋದು, ನೀವೇ ಅನುಭವಿಸಿ ಅಂತ ಸುಮ್ಮನಾದೆ" ಅಂದರು ಹೊರಗಿನವರು. "ಆದ್ರೆ ನೀವು? ಒಂದೊಂದು ಬೀಗಾನೂ ತೆಗೆದು ಹಾಕಿ ನೋಡದೆ ಹೊರಗೆ ಬಿಡ್ತಿರ್ಲಿಲ್ಲ. ಈಗೇನಾಯ್ತು?"

ಒಳಗಿನವರು ಬೀಗವನ್ನು ಮೇಜಿನ ಮೇಲಿಟ್ಟರು. ಪರೀಕ್ಷೆಯ ಮೇಜಿನಲ್ಲಿ ಕೂತು ಪ್ರತಿ ಬೀಗವನ್ನೂ ತೆಗೆದು ಹಾಕಿ ನೋಡುತ್ತಿದ್ದವಳು ಅವರ ಮಗಳು. ಸಂಸಾರ ಮುರಿದ ಮೇಲೆ ಅವಳು ಕಾರ್ಖಾನೆಗೆ ಬರುವುದನ್ನು ನಿಲ್ಲಿಸಿದ್ದಳು. "ಅವಳು ಕೂರೋ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸೋಕೆ ನನಗೆ ಮನಸ್ಸು ಬರ್ಲಿಲ್ಲ" ಅಂದರು. "ಆಮೇಲೆ ಅನ್ನಿಸ್ತು, ಯಾರಿಗೋಸ್ಕರ ನೋಡ್ಬೇಕು ಅಂತ. ಹೆಸರು ನಿಮ್ಮ ಪಾಲಿಗೇ ಹೋಗುತ್ತೆ ಅಂತ ನಾನಂದ್ಕೊಂಡಿದ್ದೆ."

"ಅವಳು ಬರ್ತಿಲ್ವಾ?" ಹೊರಗಿನವರ ದನಿ ಬದಲಾಗಿತ್ತು. "ನನಗ್ಯಾರೂ ಹೇಳಲೇ ಇಲ್ಲ."

"ನಿಮ್ಮ ಮಗ ಅಲ್ಲೇ ಆಫೀಸಲ್ಲಿ ಇರ್ತಾನಲ್ಲ. ಎದುರಾಗೋದು ಬೇಡ ಅಂತ."

"ಅವನೆಲ್ಲಿದ್ದಾನೆ? ಅವಳಿಗೆ ಮುಜುಗರ ಆಗೋದು ಬೇಡ ಅಂತ ಅವನೇ ಗೋದಾಮಿಗೆ ಹೋಗಿ ಕೂತ್ಕೊಂಡು ಎಷ್ಟೋ ಕಾಲ ಆಯ್ತು."

ಚಿಕ್ಕಮ್ಮ ಎರಡು ಮೊತ್ತಗಳನ್ನು ಓದಿ ಹೇಳಿದಳು. ಹೀಗೇ ಬಿಟ್ಟರೆ ಹೆಸರಿನ ಬೆಲೆ ಇಷ್ಟು. ಕೆಟ್ಟ ಬೀಗಗಳನ್ನೆಲ್ಲ ವಾಪಸ್ ತಂದು ಸರಿಮಾಡಿದರೆ ಇಷ್ಟು. ನಡುವಿನ ವ್ಯತ್ಯಾಸ ಇಡೀ ಕಾರ್ಖಾನೆಯ ಕಟ್ಟಡಕ್ಕಿಂತ ದೊಡ್ಡದಿತ್ತು. "ಮನೆ ಬಿದ್ರೆ ನಿವೇಶನ ಆದ್ರೂ ಉಳಿಯುತ್ತೆ. ಹೆಸರು ಬಿದ್ರೆ ಕೆಳಗೆ ನೆಲ ಇರೋಲ್ಲ" ಅಂದಳು.

ಹೊರಗಿನ ಯಜಮಾನರಿಗೆ ಅದು ಕಪಾಳಕ್ಕೆ ಬಿಟ್ಟ ಹಾಗಾಯಿತೋ ಏನೋ, ಎದ್ದು ಹೊರಟುಬಿಟ್ಟರು. ಮಾರನೆಯ ದಿನ ಅವರ ವಕೀಲರು ಫೋನ್ ಮಾಡಿ, ಬೇರೆಯವರಿಂದ ಬೆಲೆ ಕಟ್ಟಿಸುತ್ತೇವೆ, ನೀವು ಬಿಟ್ಟುಬಿಡಿ ಅಂದರು. ಚಿಕ್ಕಮ್ಮ ಅರ್ಧ ಕೆಲಸದ ವರದಿ ಕಟ್ಟಿ ಬೀರುವಿನಲ್ಲಿಟ್ಟಳು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಅಜ್ಜಿ ಗೊಣಗಿದಳು. ಮಗಳಿಗೆ ತಾನು ಕೊಟ್ಟ ಸಲಹೆ ತಪ್ಪಾಯಿತೇನೋ ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅತ್ತ ಒಳಗಿನವರು ಮನೆಯಲ್ಲಿ ಮಗಳಿಗೆ ಎಲ್ಲ ಹೇಳಿದರು. ಅವಳು ಕೇಳಿಸಿಕೊಂಡು, "ನನಗೆ ಆಗದೆ ಇದ್ದದ್ದು ಗಂಡನ ಜೊತೆ. ಬೀಗದ ಜೊತೆ ಅಲ್ಲ" ಅಂದಳಂತೆ. ಮರುದಿನ ಹೋಗಿ ಮೇಜು ಒರೆಸಿ ಕೂತಳು.

ಕೆಲವು ವಾರಗಳ ಮೇಲೆ ಚಿಕ್ಕಮ್ಮ ಅದೇ ಹಾರ್ಡ್‌ವೇರ್ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದಳು. ಮೆಟ್ಟಿಲ ಹತ್ತಿರ ಒಂದು ಗೋಣಿಚೀಲ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೊರಗಿನ ಯಜಮಾನರು. ಕೆಟ್ಟ ಬೀಗಗಳನ್ನು ತಾವೇ ಅಂಗಡಿ ಅಂಗಡಿಗೆ ಹೋಗಿ ಆಯ್ದು ತರುತ್ತಿದ್ದರು. ಚಳಿಯಲ್ಲಿ ಕೂತಿದ್ದ ಅಜ್ಜಿಯ ಮನೆಗೂ ಹೋಗಿ ಹೊಸ ಬೀಗ ಕೊಟ್ಟು ಬಂದಿದ್ದರಂತೆ.

ಚಿಕ್ಕಮ್ಮನನ್ನು ಕಂಡು ಮೊದಲು ಮುಖ ತಿರುಗಿಸಿದರು. ಆಮೇಲೆ ತಾವೇ ಹತ್ತಿರ ಬಂದು, "ಆಳನ್ನ ಕಳಿಸಬಹುದಿತ್ತು. ಆದ್ರೆ ಮಾರಿದ್ದು ನಾನಲ್ವಾ" ಅಂದರು. ಹೋಗಲು ತಿರುಗಿದವರು ನಿಂತು, "ಆ ವರದಿ ಇಟ್ಟಿದೀರಾ, ಹರಿದು ಹಾಕಿದ್ರಾ?" ಅಂತ ಕೇಳಿದರು.

"ಇಟ್ಟಿದೀನಿ."

"ಮುಗಿಸಿಬಿಡಿ ಹಾಗಾದ್ರೆ."

ಹೆಸರನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂತ ಚಿಕ್ಕಮ್ಮ ಕೇಳಿದ್ದು ವರದಿಗೆ ಸಹಿ ಹಾಕಿದ ಮೇಲೆಯೇ. ಇಟ್ಟುಕೊಂಡವಳು ಒಳಗಿನವರ ಮಗಳು. ಅಷ್ಟು ಹಣ ಒಟ್ಟಿಗೆ ಕೊಡಲು ಅವಳಿಗೂ ಅವಳ ಅಪ್ಪನಿಗೂ ಆಗುತ್ತಿರಲಿಲ್ಲ. ದಾರಿ ಹುಡುಕಿದ್ದು ಹೊರಗಿನ ಯಜಮಾನರೇ. "ಇಡಿಗಂಟು ಯಾಕೆ? ನೀವೇ ಹೇಳಿದ್ರಲ್ಲ ಬಾಡಿಗೆ ಅಂತ. ನಾನಿರೋವರೆಗೂ ಒಂದೊಂದು ಬೀಗಕ್ಕೂ ಚೂರು ಬಾಡಿಗೆ ಕೊಡ್ತಾ ಬರ್ಲಿ. ಬೀಗ ಕೆಟ್ರೆ ನನ್ನ ಬಾಡಿಗೆನೂ ಕೆಡ್ಲಿ" ಅಂದರು. ವಕೀಲರಿಗೆ ಇದು ಹಿಡಿಸಲಿಲ್ಲ. ಚಿಕ್ಕಮ್ಮನಿಗೆ ಹಿಡಿಸಿತು.

ಗೆಳೆಯರು ಮತ್ತೆ ಒಂದಾದರು ಅಂತ ಹೇಳಲು ನನಗೂ ಆಸೆ. ಆದರೆ ಹಾಗಾಗಲಿಲ್ಲ. ಎದುರು ಸಿಕ್ಕರೆ ಆರೋಗ್ಯ ವಿಚಾರಿಸುವಷ್ಟಕ್ಕೆ ಬಂದು ನಿಂತರು. ಹೊರಗಿನವರು ತಮ್ಮದೇ ಸಗಟು ಅಂಗಡಿ ಹಾಕಿದರು. ಮಗ ಬೇರೆ ಮದುವೆಯಾದ.

ಕೆಲವು ವರ್ಷಗಳ ಮೇಲೆ ಹೊರಗಿನ ಯಜಮಾನರು ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಚಿಕ್ಕಮ್ಮ ನೋಡಲು ಹೋದಳು. ಒಳಗೆ ಆಗಲೇ ಒಬ್ಬಳು ಕೂತಿದ್ದಳು, ಮಡಿಲಲ್ಲಿ ಅರ್ಧ ಸುಲಿದ ಕಿತ್ತಳೆ. ಆ ಮಗಳೇ. ಹೊಸದಾಗಿ ಸ್ಪ್ರಿಂಗ್ ಕಳಿಸುತ್ತಿರುವವನು ಮೋಸ ಮಾಡುತ್ತಿದ್ದಾನೆ, ನೂರಕ್ಕೆ ಹತ್ತು ವಾಪಸ್ ಮಾಡುತ್ತಿದ್ದೇನೆ, ಅಪ್ಪ ಸುಮ್ಮನಿರು ಅನ್ನುತ್ತಾರೆ ಅಂತ ದೂರು ಹೇಳುತ್ತಿದ್ದಳು.

"ಸುಮ್ಮನಿರಬೇಡ. ಅವನನ್ನ ಬಿಟ್ಟು ಬೇರೆಯವನನ್ನ ನೋಡು. ನಂಬರ್ ಕೊಡ್ತೀನಿ ಬರ್ಕೋ" ಅಂದರು ಅವರು, ದಿಂಬಿನ ಮೇಲೆ ತಲೆ ಎತ್ತಲು ನೋಡುತ್ತಾ.

"ಮೊದಲು ಹಣ್ಣು ತಿನ್ನಿ ಮಾವ" ಅಂದು ಅವಳು ಒಂದು ತೊಳೆ ಬಿಡಿಸಿ ಅವರ ಕೈಗಿಟ್ಟಳು.