ಹಸಿರು ಟ್ಯೂಬಿನ ಕುತ್ತಿಗೆ

ಮನುಷ್ಯ ಸಂಬಂಧಗಳು ಗಾಜಿನಷ್ಟೇ ನಾಜೂಕು ಎಂದು ತಿಳಿದವರು ಬಹಳ ಗಂಭೀರವಾಗಿ ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಸೋಲಾಪುರದಿಂದ ಅಕ್ಕಲಕೋಟೆಗೆ ಹೋದವರಲ್ಲ. ನಾನು ಹೋಗಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ ಎಂದು ತಿಳಿದಿದ್ದೇನೆ.

ಶುರುವಾದದ್ದು ಒಂದು ಫೋನಿನಿಂದ. ಅಕ್ಕಲಕೋಟೆಯಲ್ಲಿರುವ ನನ್ನ ತಮ್ಮ ಮಲ್ಲಿನಾಥನ ಹೆಂಡತಿ ಸುನಂದಾ ಮಾತಾಡಿದಳು.

“ಭಾವಾರ, ಹಸರ ಟ್ಯೂಬ್ ನಿಮ್ಮ ಹಂತೇಕ ಐತೇನ್ರಿ?”

ಒಂಬತ್ತು ವರ್ಷಗಳಲ್ಲಿ ಆ ಮನೆಯಿಂದ ನನಗೆ ಬಂದ ಮೊದಲ ಫೋನು ಅದು. ಕ್ಷೇಮವಾ, ಆರಾಮವಾ, ಏನೂ ಇಲ್ಲ. ನೇರ ಟ್ಯೂಬು.

“ಐತವಾ. ಯಾಕ?”

“ಇವರು ಆ ಹಳೇ ಪ್ರೊಜೆಕ್ಟರ್ ರಿಪೇರಿ ಮಾಡ್ಯಾರ್ರಿ. ಬಾಕಿ ಎಲ್ಲಾ ಚಾಲೂ ಆಗೇತಿ, ಹಸರ ಒಂದ ಬರವಲ್ದು. ದಿನಾ ಮಧ್ಯಾಹ್ನ ಖಿಡಕಿಗೆ ಚಾದರ ಕಟ್ಟಿ ಅದರ ಮುಂದ ಕುಂದರ್ತಾರ. ಗ್ವಾಡಿ ಮ್ಯಾಲಿನ ಮಂದಿ ಮಾರಿ ಎಲ್ಲಾ ಬದನಿಕಾಯಿ ಆಗ್ಯಾವ್ರಿ. ಗಿಡಾ ಕರ್ರಗ. ನೋಡಿ ನೋಡಿ ನನ್ನ ಡೋಕಿ ಫಿರಾಕತ್ತೇತಿ.”

ಚಿಕ್ಕ ವಯಸ್ಸಿನ ಓದುಗರಿಗಾಗಿ ಸ್ವಲ್ಪ ಇತಿಹಾಸ. ಈಗಿನ ಪ್ರೊಜೆಕ್ಟರು ಕೈಚೀಲದಲ್ಲಿ ಹೋಗುತ್ತದೆ. ನಮ್ಮ ಕಾಲದ್ದನ್ನು ನಾಲ್ಕು ಜನ ಹೊರುತ್ತಿದ್ದರು, ಅದೂ ಮೌನವಾಗಿ. ಅದರೊಳಗೆ ಮೂರು ಪಿಕ್ಚರ್ ಟ್ಯೂಬು: ಕೆಂಪು, ಹಸಿರು, ನೀಲಿ. ಮೂರೂ ಮೂರು ಲೆನ್ಸಿನಿಂದ ಬೇರೆ ಬೇರೆ ಚಿತ್ರ ಬಿಡುತ್ತವೆ. ಮೂರೂ ಒಂದರ ಮೇಲೊಂದು ಸರಿಯಾಗಿ ಕೂತರೆ ಬಣ್ಣದ ಚಿತ್ರ. ಒಂದು ಸತ್ತರೆ ಉಳಿದೆರಡು ಸೇರಿ ಏನು ತೋರಿಸುತ್ತವೆ? ಸುನಂದಾ ಹೇಳಿದಳಲ್ಲ, ಬದನೆಕಾಯಿ.

ಅಂಥ ಎರಡು ಯಂತ್ರ ಇಟ್ಟುಕೊಂಡು ನಾವು ಅಣ್ಣತಮ್ಮ ಅಕ್ಕಲಕೋಟೆಯಲ್ಲಿ ವಿಡಿಯೋ ಹಾಲ್ ನಡೆಸಿದೆವು. ಆಮೇಲೆ ಎಲ್ಲರ ಮನೆಯಲ್ಲಿ ಟಿವಿ ಬಂತು, ಎಲ್ಲರ ಕಿಸೆಯಲ್ಲಿ ಸಿನಿಮಾ ಬಂತು. ಮುಚ್ಚಿದ ಮೇಲೂ ಎರಡನ್ನೂ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದೆವು. ಮುಂದೆ ವಾಟಣಿ, ಅಂದರೆ ಆಸ್ತಿಯ ಪಾಲು, ಆಯಿತು. ಹೊಲ ಅವನಿಗೆ, ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿ ನನಗೆ. ಅದರಲ್ಲಿ ಒಂದು ಮಾತೂ ಹೆಚ್ಚುಕಮ್ಮಿ ಆಗಲಿಲ್ಲ. ಹೊಲ, ಅಂಗಡಿ ಎಂದರೆ ಸಣ್ಣ ವಿಷಯ. ಜಗಳ ಬಂದದ್ದು ಪ್ರೊಜೆಕ್ಟರಿನಲ್ಲಿ.

ನಮ್ಮ ಕಡೆಯ ರಿವಾಜು ಹೀಗಿದೆ: ಪಾಲು ಮಾಡುವವನು ದೊಡ್ಡವನು, ಮೊದಲು ಆರಿಸುವವನು ಸಣ್ಣವನು. ನಾನು ಎರಡನ್ನೂ ಪಡಸಾಲೆಯಲ್ಲಿ ಇಟ್ಟೆ. ಅವನು ಎಡಗಡೆಯದನ್ನು ಆರಿಸಿದ. ಆರು ತಿಂಗಳಲ್ಲಿ ಅದರ ಹಸಿರು ಟ್ಯೂಬು ಹೋಯಿತು. “ಅಣ್ಣಗ ಮೊದಲಽ ಗೊತ್ತಿತ್ತು, ಬಾಯಿ ಬಿಡಲಿಲ್ಲ” ಎಂದು ಅವನು ಇಡೀ ಭಾವಕಿಗೆ, ಅಂದರೆ ದಾಯಾದಿಗಳಿಗೆಲ್ಲ, ಹೇಳಿದ. ನನಗೆ ಗೊತ್ತಿರಲಿಲ್ಲ ಎಂದು ನಾನೂ ಇಡೀ ಭಾವಕಿಗೆ ಹೇಳಿದೆ. (ಎಷ್ಟು ಗೊತ್ತಿರಲಿಲ್ಲ ಎಂಬುದು ಆವರಣದೊಳಗೆ ಹೇಳುವಂಥ ವಿಷಯವಲ್ಲ.) ವರ್ಷ ತುಂಬುವುದರೊಳಗೆ ನನ್ನ ಯಂತ್ರದ ಪವರ್ ಸಪ್ಲೈ ಸುಟ್ಟು ಅದು ಪೂರ್ತಿ ಸತ್ತಿತು. ಆದರೆ ಅದರ ಮೂರೂ ಟ್ಯೂಬು ಒಳಗೆ ಏನೂ ಆಗದೆ ಸಾಬೂತ. ಅಂದರೆ ಅವನಿಗೆ ಬೇಕಾದ ಹಸಿರು ನನ್ನ ಹತ್ತಿರ ಒಂಬತ್ತು ವರ್ಷ ಕೂತಿತ್ತು. ಅವನು ಕೇಳಲಿಲ್ಲ. ನಾನು ಕೊಡಲಿಲ್ಲ. ಎರಡು ಮನೆಯ ಮಾನ ಕಾಯಲು ಒಂದು ಗಾಜಿನ ಬುರುಡೆ ಸಾಕಾಯಿತು.

“ಅವನಽ ಕೇಳಂದಾನೇನು?” ಎಂದೆ ಸುನಂದಾಗೆ.

“ಅವರಾ? ಅವರು ಅಂದದ್ದು ಇಷ್ಟಽ: ಕೊಡಾವ ಇದ್ದರ ತಾನಽ ತರಬೇಕು, ಕೈಯಾಗ ಕೊಡಬೇಕು, ಕುರಿಯರ್ ಗಿರಿಯರ್ ನಡ್ಯಂಗಿಲ್ಲ.”

ಇದರ ಅರ್ಥ ನಿಮಗೆ ಆಯಿತೋ ಇಲ್ಲವೋ, ನನಗೆ ಆಯಿತು. ಟ್ಯೂಬು ಸಾಬೂತ ಮುಟ್ಟಿದರೆ ತಮ್ಮ ಮಾತಾಡುತ್ತಾನೆ. ಒಡೆದು ಮುಟ್ಟಿದರೆ, ಅಣ್ಣ ಬೇಕಂತಲೇ ಒಡೆದು ತಂದ ಎಂದು ಇನ್ನೊಂದು ಒಂಬತ್ತು ವರ್ಷ. ಈಗ ನನಗೆ ಅರವತ್ತಾರು. ನೀವೇ ಲೆಕ್ಕ ಹಾಕಿ.

ಟ್ಯೂಬು ಬಿಚ್ಚಲು ದಸ್ತಗೀರ್ ಮಾಮಾನನ್ನು ಕರೆಸಿದೆ. ನಮ್ಮ ವಿಡಿಯೋ ಹಾಲಿನ ಆಪರೇಟರ್ ಆಗಿದ್ದವನು. ಈಗ ಚಿಂಚೋಳಿ ಎಂಐಡಿಸಿಯ ಒಂದು ನೂಲಿನ ಕಾರ್ಖಾನೆಯಲ್ಲಿ ವೈರಿಂಗ್ ನೋಡಿಕೊಳ್ಳುತ್ತಾನೆ. ವಾರದ ಸುಟ್ಟಿಯ ದಿನ ಬೆಳಿಗ್ಗೆ ಬಂದ. ಅಂಗಡಿಯ ಅಟ್ಟದ ಮೇಲೆ ಬಟ್ಟೆಯ ಥಾನುಗಳನ್ನು ಸರಿಸಿ ಯಂತ್ರ ತೋರಿಸಿದೆವು. ಮಾಮಾ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದ.

“ಯಾ ಅಲ್ಲಾ. ಸಾವಕಾರ್, ಇದು ಮಷೀನ್ ಐತೋ, ಮಜಾರ್ ಐತೋ?”

ಅದು ಗೋರಿಯಂತೆ ಕಂಡದ್ದಕ್ಕೆ ಕಾರಣವಿತ್ತು: ಖಂಡೇನವಮಿಗೆ ನಮ್ಮಲ್ಲಿ ಎಲ್ಲ ಯಂತ್ರಗಳಿಗೂ ಪೂಜೆ. ಹೊಲಿಗೆ ಮಷೀನು, ಸ್ಕೂಟರು, ಮಿಕ್ಸರು. ಸತ್ತ ಪ್ರೊಜೆಕ್ಟರಿಗೂ ರಜೆ ಇಲ್ಲ. ನಮ್ಮ ಮನೆಯವರು ಪ್ರತಿವರ್ಷ ಮೂರೂ ಲೆನ್ಸಿಗೆ ವಿಭೂತಿ ಎಳೆದು, ಸ್ಕ್ರೂಗಳ ತಲೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದರು. ಸ್ಕ್ರೂಗಳ ತಲೆಗೇ ಏಕೆ? ಅಲ್ಲಿ ಸಣ್ಣ ಕುಳಿ ಇರುತ್ತದೆ, ಕುಂಕುಮ ಜಾರುವುದಿಲ್ಲ. ಒಂಬತ್ತು ವರ್ಷದ ಕುಂಕುಮ ಒಂದರ ಮೇಲೊಂದು ಕೂತು ಸಿಮೆಂಟು ಆಗಿತ್ತು. ಸ್ಕ್ರೂಡ್ರೈವರಿಗೆ ಒಳಗೆ ಪ್ರವೇಶವೇ ಇಲ್ಲ. ಮಾಮಾ ಅರ್ಧ ದಿನ ಗುಂಡುಪಿನ್ನು ಹಿಡಿದು ಭಕ್ತಿಯನ್ನು ಕೆದಕಿ ತೆಗೆದ.

“ಭಕ್ತಿಗೆ ಕುಂದಿಡಬ್ಯಾಡ್ರಿ ಮಾಮಾ,” ಎಂದರು ನಮ್ಮ ಮನೆಯವರು, ಚಹಾ ಕೊಡುತ್ತ. “ಒಂಬತ್ತ ವರ್ಷದಾಗ ಒಂದ ಸ್ಕ್ರೂ ಆದರೂ ಢೀಲಾ ಆಗೇತೇನು, ತೋರಸ್ರಿ?”

ಆಗಿರಲಿಲ್ಲ.

ಮುಚ್ಚಳ ಬಿಚ್ಚಿದ ಮೇಲೆ ಮಾಮಾ ನನ್ನ ಕೈ ಹಿಡಿದು ದೂರ ನಿಲ್ಲಿಸಿದ. ಟ್ಯೂಬಿನ ಬೆನ್ನಿಗೆ ರಬ್ಬರ್ ಟೊಪ್ಪಿಗೆಯ ಕೆಳಗೆ ಒಂದು ದಪ್ಪ ವೈರು ಇರುತ್ತದೆ. ಬಂದ್ ಮಾಡಿದ ಮೇಲೂ ಅಲ್ಲಿ ಕರೆಂಟು ಕೂತಿರಬಹುದಂತೆ. “ಸತ್ತೈತಿ ಅಂತ ತಿಳಿದು ಯಾವದನ್ನೂ ಮುಟ್ಟಬ್ಯಾಡ್ರಿ,” ಎಂದು ವೈರು ಸುತ್ತಿದ ಸ್ಕ್ರೂಡ್ರೈವರಿನಿಂದ ಟೊಪ್ಪಿಗೆಯೊಳಗೆ ಚುಚ್ಚಿದ. ಏನೂ ಆಗಲಿಲ್ಲ. ಆದರೂ ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ್ದನ್ನು ಪ್ರಾಮಾಣಿಕತೆಗಾಗಿ ದಾಖಲಿಸುತ್ತಿದ್ದೇನೆ.

ಆಮೇಲೆ ನಡೆದದ್ದು ಬಿಚ್ಚುವ ಕೆಲಸವಲ್ಲ, ಬಾಣಂತನ. ಟ್ಯೂಬಿನ ಮುಖ ಒಂದು ಗೇಣು ಅಗಲ. ಕುತ್ತಿಗೆ ಹೆಬ್ಬೆರಳಿಗಿಂತ ತುಸು ದಪ್ಪ. ಕುತ್ತಿಗೆಯ ತುದಿಯ ಸಾಕೆಟ್ಟನ್ನು ನೇರ ಹಿಂದಕ್ಕೇ ಎಳೆಯಬೇಕು, ಅಲುಗಾಡಿಸಿದರೆ ಮುಗಿಯಿತು. ಕುತ್ತಿಗೆಗೆ ಸುತ್ತಿದ ತಾಮ್ರದ ಕಾಯಿಲ್ ಅಂಟಿನಿಂದ ಹಿಡಿದುಕೊಂಡಿತ್ತು. ಎದುರಿನ ಸಲೂನಿನಿಂದ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟು ಅಂಟನ್ನು ಒಲಿಸಿದೆವು. (ಸಲೂನಿನಲ್ಲಿ ಒಬ್ಬ ಗಿರಾಕಿ ಹಸಿ ತಲೆಯಲ್ಲಿ ಅಷ್ಟು ಹೊತ್ತು ಕೂತಿದ್ದ. ಅವನಿಗೆ ಋಣಿ.) ಮುಂದೆ ಸ್ಪ್ರಿಂಗ್ ಇದ್ದ ನಾಲ್ಕು ಸ್ಕ್ರೂ. ಒಂದನ್ನೇ ಪೂರ್ತಿ ಬಿಚ್ಚಿದರೆ ಉಳಿದ ಮೂರರ ಒತ್ತಡಕ್ಕೆ ಗಾಜು ಸೀಳುತ್ತದೆ. ಆದ್ದರಿಂದ ಇದಕ್ಕೆ ಅರ್ಧ ಸುತ್ತು, ಎದುರು ಮೂಲೆಯದಕ್ಕೆ ಅರ್ಧ ಸುತ್ತು, ಮತ್ತೆ ಇದಕ್ಕೆ. ಪಂಚಾಯಿತಿ ಮಾಡುವವರು ಈ ನಾಲ್ಕು ಸ್ಕ್ರೂ ಬಿಚ್ಚಿ ಅಭ್ಯಾಸ ಮಾಡಿದ್ದರೆ ನಮ್ಮ ವಾಟಣಿ ಚೆನ್ನಾಗಿ ಆಗುತ್ತಿತ್ತು ಎಂದು ನನಗೆ ಅನಿಸಿತು. ಹೇಳಲಿಲ್ಲ. ಮಾಮಾ ಉಸಿರು ಹಿಡಿದಿದ್ದ.

ಸಂಜೆ ನಾಲ್ಕಕ್ಕೆ ಟ್ಯೂಬು ಹೊರಗೆ ಬಂತು. ಒಂದು ಗೀರಿಲ್ಲ.

“ಒಯ್ಯೂದು ನಿಮ್ಮ ಕೆಲಸ,” ಎಂದ ಮಾಮಾ. “ಮಾರಿ ಹಿಡೀರಿ, ಗರ್ದನ್ ಹಿಡೀಬ್ಯಾಡ್ರಿ. ಒಳಗ ಗಾಳಿ ಅಂಬೋದ ಇಲ್ಲ. ಗರ್ದನ್ ಕೂದಲೆಳಿ ಅಷ್ಟ ಸೀಳಿದ್ರೂ ‘ಸುಸ್’ ಅಂತೈತಿ. ಅದು ಸುಸ್ ಅಂದ್ರ ಹಸರ ಖತಮ್. ಮತ್ತ ಎಲ್ಲೂ ಸಿಗಂಗಿಲ್ಲ.”

ಎರಡು ಚಾದರದಲ್ಲಿ ಸುತ್ತಿದೆವು. (ಸೋಲಾಪುರ ಚಾದರ ನೇಯುವ ಊರು; ಇಲ್ಲಿಯವರಿಗೆ ಜಗತ್ತಿನ ಎಲ್ಲ ಸಮಸ್ಯೆಗೂ ಪರಿಹಾರ ಚಾದರ.) ಗಂಟು ಮುಖದ ಕಡೆ ಗುಂಡಗೆ, ಕುತ್ತಿಗೆಯ ಕಡೆ ಸಣ್ಣಗೆ ಆಯಿತು.

ಮರುದಿನ ರೈಲು ಹತ್ತಿದೆ. ಹೋಟಗಿಯಲ್ಲಿ ಒಬ್ಬ ಹೆಣ್ಣುಮಗಳು ಬಂದು ಪಕ್ಕದಲ್ಲಿ ಕೂತಳು. ನನ್ನ ತೊಡೆಯ ಮೇಲಿನ ಗಂಟನ್ನು ನೋಡಿ ಅವಳ ಮುಖ ಅರಳಿತು.

“ಬಾಳ್ ಕಿತಿ ಮಹಿನ್ಯಾಂಚಂ?” ಎಂದಳು. ಕೂಸು ಎಷ್ಟು ತಿಂಗಳದ್ದು ಎಂದು.

“ಮೂವತ್ತ ವರ್ಷದ್ದವಾ,” ಎಂದೆ.

ಅವಳು ನಕ್ಕಳು. ನಂತರ ಕನ್ನಡಕ್ಕೆ ತಿರುಗಿದಳು. “ಚಾಷ್ಟಿ ಬಿಡ್ರಿ ಅಜ್ಜಾರ. ಮಾರಿ ಮ್ಯಾಲ ಯಾಕ ಅಷ್ಟ ಬಿಗದೀರಿ? ಕೂಸಿಗೆ ಗಾಳಿ ಹೆಂಗ ಹೋಗಬೇಕು?”

“ಗಾಳಿ ಹೋಗಬಾರದು ಅಂತನಽ ಬಿಗದೀವಿ. ಒಳಗ ಗಾಳಿ ಹೋತಂದ್ರ ಖತಮ್.”

ಅವಳು ಎದ್ದು ಮುಂದಿನ ಬೆಂಚಿಗೆ ಹೋದಳು. ಅಲ್ಲಿಂದ ಇಡೀ ದಾರಿ ನನ್ನನ್ನೇ ನೋಡುತ್ತಿದ್ದಳು. ವಿವರಿಸಲು ಹೋಗಲಿಲ್ಲ. ಜಾಗ ಸಿಕ್ಕಿತ್ತು.

ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಟಮ್‌ಟಮ್ ರಿಕ್ಷಾ. ಪ್ರತಿ ತಗ್ಗಿಗೂ ನಾನು ಸೀಟಿನಿಂದ ಎದ್ದು, ತಗ್ಗು ದಾಟಿದ ಮೇಲೆ ಕೂತೆ. ಒಂದು ಕಡೆ ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ಹಾಕಿದ, ನಾನು ಬಿದ್ದೆ, ಗಂಟು ಬೀಳಲಿಲ್ಲ. ಮೊಣಕಾಲು ಒಡೆಯಿತು. ಮೊಣಕಾಲು ಹೋದರೆ ಮತ್ತೆ ಸಿಗುತ್ತದೆ.

ತಮ್ಮನ ಮನೆಯ ಬಾಗಿಲಿಗೆ ಬಂದೆ. ಮಲ್ಲಿನಾಥ ಹೊಸ್ತಿಲ ಮೇಲೆ ನಿಂತಿದ್ದ. ತಲೆ ಬೆಳ್ಳಗಾಗಿತ್ತು. ನನ್ನನ್ನು ನೋಡಿದ. ಗಂಟನ್ನು ನೋಡಿದ.

ಇಲ್ಲಿ ಇನ್ನೊಂದು ರಿವಾಜು ಹೇಳಬೇಕು. ಬಂದವನು ತನ್ನ ಗಂಟನ್ನು ತಾನೇ ಹೊತ್ತು ಹೊಸ್ತಿಲು ದಾಟುವಂತಿಲ್ಲ. ಮನೆಯವನು ಬಾಗಿಲಲ್ಲೇ ಅದನ್ನು ಕಸಿದುಕೊಳ್ಳಬೇಕು. ಬಂದವನು ಮೂರು ಸಲ ಬೇಡ ಎಂದು ಜಗ್ಗಬೇಕು. ನಾಲ್ಕನೆಯ ಸಲಕ್ಕೆ ಬಿಡಬೇಕು. ಬಿಡದಿದ್ದರೆ? ಇವನು ಊಟಕ್ಕೆ ನಿಲ್ಲುವವನಲ್ಲ, ಹೊಟ್ಟೆಯಲ್ಲಿ ಸಿಟ್ಟು ಇಟ್ಟುಕೊಂಡೇ ಬಂದಿದ್ದಾನೆ ಎಂದರ್ಥ. ಮಾಮಾ ಕರೆಂಟಿನಿಂದ ಹಿಡಿದು ಸ್ಕ್ರೂವಿನವರೆಗೆ ಎಲ್ಲ ಎಚ್ಚರಿಕೆ ಹೇಳಿದ್ದ. ಇದನ್ನು ಹೇಳಿರಲಿಲ್ಲ. ಅವನಾದರೂ ಏನು ಮಾಡಿಯಾನು?

“ತಾ ಇಲ್ಲಿ,” ಎಂದ ತಮ್ಮ. ಒಂಬತ್ತು ವರ್ಷಗಳ ನಂತರದ ಮೊದಲ ಮಾತು.

“ಇರ್ಲಿ ಬಿಡು.”

“ತಾ ಅಂದ್ನೆಲ್ಲ.”

“ಇರ್ಲಿ, ಹಗೂರ ಐತಿ.”

ಅವನು ಕೈ ಹಾಕಿದ. ಹಿಡಿಯಲು ಅನುಕೂಲವಾಗಿದ್ದ ಸಣ್ಣ ತುದಿಗೇ ಹಾಕಿದ.

“ಮಲ್ಲೂ, ಬ್ಯಾಡೋ—”

“ಯಾಕ, ನಮ್ಮ ಮನಿಗೆ ಬಂದು ಗಂಟೂ ಕೊಡಾವ ಅಲ್ಲೇನು?”

ಅವನ ಮುಖದಲ್ಲಿ ಅದೇ ಒಂಬತ್ತು ವರ್ಷ ಎದ್ದು ಬರುತ್ತಿತ್ತು. ಮೂರು ಸಲ ಆಗಿತ್ತು. ನಾಲ್ಕನೆಯದಕ್ಕೆ ನಾನು ಬಿಡದೆ ಗಟ್ಟಿಯಾಗಿ ಹಿಡಿದಿದ್ದರೆ ಟ್ಯೂಬು ಉಳಿಯುತ್ತಿತ್ತೋ ಏನೋ. ತಮ್ಮ ಉಳಿಯುತ್ತಿರಲಿಲ್ಲ. ಕೈ ಬಿಟ್ಟೆ.

ಗಂಟಿನ ಇಡೀ ಭಾರ ಆ ಸಣ್ಣ ತುದಿಗೆ ಬಿತ್ತು.

ಸುಸ್.

ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಸಣ್ಣ ಸದ್ದು. ವ್ಯತ್ಯಾಸವಿಷ್ಟೆ, ಇಲ್ಲಿ ಗಾಳಿ ಒಳಗೆ ಹೋಯಿತು. ಮಲ್ಲಿನಾಥ ಹಳೆಯ ಕೈ. ಬಿಚ್ಚಿ ನೋಡುವ ಅಗತ್ಯ ಅವನಿಗಿರಲಿಲ್ಲ. ಆದರೂ ಪಡಸಾಲೆಯಲ್ಲಿ ಕೂತು, ಎರಡೂ ಚಾದರ ಬಿಚ್ಚಿ ನೋಡಿದ. ಕುತ್ತಿಗೆಯ ಒಳಗಿನ ಬೆಳ್ಳಿಬಣ್ಣದ ಮಚ್ಚೆ ಆಗಲೇ ಗಾಳಿ ತಾಗಿ ಹಾಲಿನ ಹಾಗೆ ಬೆಳ್ಳಗಾಗಿತ್ತು.

“ಹೋತು,” ಎಂದ.

“ಹೋತು,” ಎಂದೆ.

ಸುನಂದಾ ಕಾಲಿಗೆ ನೀರು ತಂದವಳು ತಂಬಿಗೆ ಹಿಡಿದು ನಿಂತೇ ಇದ್ದಳು. ತಮ್ಮನೇ ಕೇಳಿದ, ಟ್ಯೂಬು ನೋಡುತ್ತಲೇ.

“ಆವಾಗ ನಿನಗ ಗೊತ್ತಿತ್ತೋ ಇಲ್ಲೋ? ಎಡಗಡೀದರ ಹಸರ ಮಬ್ಬ ಆಗೇತಂತ?”

ಇದಕ್ಕೆ ಸುಳ್ಳು ಹೇಳಿ ಹೇಳಿ ನನಗೆ ಅಭ್ಯಾಸವಾಗಿತ್ತು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

“ಗೊತ್ತಿತ್ತು.”

ಅವನು ತಲೆ ಎತ್ತಿದ. “ನಿಂದರ ಪವರ್ ಸಪ್ಲೈ ಸುಡಾಕತ್ತೇತಂತ ನನಗೂ ಗೊತ್ತಿತ್ತು. ವಾಸನಿ ಬರ್ತಿತ್ತು. ಅದಕ್ಕಽ ಎಡಗಡೀದು ಆರಿಸಿದೆ.”

“ಹರಾಮಖೋರ.”

“ನಿನ್ನ ತಮ್ಮ ಅಲ್ಲೇನು ನಾ.”

“ಇಬ್ಬರದೂ ಮುಗೀತಿಲ್ಲೋ?” ಎಂದಳು ಸುನಂದಾ. “ಏಳ್ರಿ, ಭಕ್ಕರಿ ಆರಾಕತ್ತಾವ. ಇನ್ನ ಜನಮ ಪೂರಾ ನಾ ಬದನಿಕಾಯಿ ಮಾರಿ ನೋಡೂದು, ಅದರ ಬಗ್ಗೆ ಯಾರಿಗೂ ಚಿಂತಿಲ್ಲ.”

ಊಟ ಆಯಿತು. ಕಿಟಕಿಗೆ ಚಾದರ ಕಟ್ಟಿದೆವು. ಗೋಡೆಯ ಮೇಲೆ ಒಂದು ಗಂಟೆ ಏನೋ ನೋಡಿದೆವು. ಮರಗಳು ಕಪ್ಪಗೆ, ಮನುಷ್ಯರು ನೇರಳೆ. ನೀ ಬಿಡಬಾರದಾಗಿತ್ತು ಎಂದು ಅವನು, ನೀ ಜಗ್ಗಬಾರದಾಗಿತ್ತು ಎಂದು ನಾನು, ಕೊನೆಯ ಗಾಡಿಯ ಹೊತ್ತಿನವರೆಗೆ ಜಗಳಾಡಿದೆವು.

ಕಳೆದ ರವಿವಾರ ಮಲ್ಲಿನಾಥ ನವಿ ಪೇಠಕ್ಕೆ ಬಂದು, ನನ್ನ ಯಂತ್ರದಲ್ಲಿ ಉಳಿದಿದ್ದ ಕೆಂಪು ಮತ್ತು ನೀಲಿ ಟ್ಯೂಬುಗಳನ್ನು ತಾನೇ ಬಿಚ್ಚಿಕೊಂಡು ಹೋದ. ಅವೆರಡೂ ಅವನಿಗೆ ಬೇಕಾಗಿರಲಿಲ್ಲ. ಎರಡೂ ಸಾಬೂತ ಮನೆ ಮುಟ್ಟಿವೆ.